ರೆಜೀನಾಳ ಸಿಟ್ಟು ಯಾರ ಮೇಲಿನದು? ‘ವನ್ಸ್ ಅಪಾನ್ ಎ ಟೈಮ್’ ಪಾತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2011ರ ಅಕ್ಟೋಬರ್ 23ರಿಂದ 2018ರ ಮೇ 18ರವರೆಗೆ ಏಳು ಸೀಸನ್‌ಗಳಲ್ಲಿ, 155 ಕಂತುಗಳಾಗಿ ಪ್ರಸಾರವಾದ ‘ವನ್ಸ್ ಅಪಾನ್ ಎ ಟೈಮ್’ ಧಾರಾವಾಹಿಯನ್ನು ಶಿರಸಿ, ಸಿದ್ದಾಪುರದ ಕಡೆಯ ನಮ್ಮ ಬಳಗದವರು ಎರಡು ಮಳೆಗಾಲ ಕೂತು ಪೂರ್ತಿಯಾಗಿ ನೋಡಿದ್ದೇವೆ. ನೋಡಿ ಮುಗಿದರೂ ಮಾತು ಮುಗಿದಿಲ್ಲ. ಅಡಿಕೆ ಸುಲಿಯಲು ಕೂತಾಗ, ಮದುವೆ ಮನೆಯ ಪಂಕ್ತಿಯಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಬರೆದು, ನನಗೆ ಸರಿಯೆಂದು ತೋರಿದ ಉತ್ತರಗಳನ್ನು ಕೊಟ್ಟಿದ್ದೇನೆ. ಕಥೆಯ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುವುದರಿಂದ, ನೋಡದವರು ಮೊದಲ ಸೀಸನ್ನಿನ 22 ಕಂತುಗಳನ್ನಾದರೂ ಮುಗಿಸಿ ಬಂದು ಓದುವುದು ಒಳ್ಳೆಯದು.

ನೋಡಿ ಬಹಳ ದಿನವಾಯಿತು. ಕಥೆಯ ಎಳೆಯನ್ನು ಒಮ್ಮೆ ನೆನಪಿಸುವಿರಾ?

ಮಾಯಾಲೋಕದ ರಾಣಿ ರೆಜೀನಾ, ಸ್ನೋ ವೈಟ್ ಮೇಲಿನ ಸೇಡಿಗಾಗಿ ಆ ಲೋಕದವರನ್ನು ಶಾಪದ ಮೂಲಕ ನಮ್ಮ ಲೋಕಕ್ಕೆ, ಮೇನ್ ರಾಜ್ಯದ ಸ್ಟೋರಿಬ್ರೂಕ್ ಎಂಬ ಸಣ್ಣ ಊರಿಗೆ ತಂದು ಹಾಕುತ್ತಾಳೆ. ಅಲ್ಲಿನವರಿಗೆ ತಾವು ಯಾರೆಂಬ ನೆನಪಿಲ್ಲ, ಊರಿನ ಗಡಿಯಾರ ಎಂಟೂಕಾಲಕ್ಕೆ ನಿಂತಿದೆ. 28 ವರ್ಷಗಳ ನಂತರ ಸ್ನೋ ವೈಟ್‌ಳ ಮಗಳು ಎಮ್ಮಾ ಆ ಊರಿಗೆ ಬರುತ್ತಾಳೆ. ಅವಳನ್ನು ಕರೆತಂದವನು, ಅವಳೇ ಹೆತ್ತು ದತ್ತು ಕೊಟ್ಟಿದ್ದ ಹತ್ತು ವರ್ಷದ ಮಗ ಹೆನ್ರಿ. ಅವನನ್ನು ದತ್ತು ಪಡೆದು ಸಾಕಿದವಳು ರೆಜೀನಾ.

ಪಾತ್ರದ ಉದ್ದೇಶವನ್ನು ತಿಳಿಯುವುದು ಹೇಗೆ? ಪ್ರತಿಯೊಬ್ಬರೂ ಒಂದೊಂದು ಹೇಳುತ್ತಾರಲ್ಲ?

ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಹಳೆಯದೊಂದು ದಾರಿಯಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ತನ್ನ ಪಾತ್ರದ ಪರವಾಗಿ ಮಾತಾಡುತ್ತಾನೆ. ಕೌರವನ ಅರ್ಥ ಹೇಳುವವನು ‘ನಾನು ದುಷ್ಟ’ ಎಂದು ಪೀಠಿಕೆ ಹಾಕುವುದಿಲ್ಲ. ಕೌರವ ತನಗೆ ತಾನೇ ಹೇಗೆ ಕಾಣುತ್ತಿದ್ದನೋ ಹಾಗೆ ಮಾತಾಡುತ್ತಾನೆ. ಅವನ ಮಾತನ್ನು ಅಳೆದು ತೂಗಿ ಒಡೆಯುವ ಕೆಲಸ ಎದುರಿಗೆ ಕೂತ ಕೃಷ್ಣನದು. ವಾಲಿ ಮರೆಯಿಂದ ಬಂದ ಬಾಣದ ಬಗ್ಗೆ ರಾಮನನ್ನು ಪ್ರಶ್ನಿಸುವಾಗ ಸಭೆ ವಾಲಿಯ ಕಡೆ ವಾಲುತ್ತದೆ, ರಾಮನ ಉತ್ತರ ಬಂದಾಗ ಮತ್ತೆ ಇತ್ತ ವಾಲುತ್ತದೆ.

ಈ ಪದ್ಧತಿಯಲ್ಲಿ ಎರಡು ಕೆಲಸಗಳು ಬೇರೆ ಬೇರೆಯಾಗಿರುತ್ತವೆ. ಆ ಗಳಿಗೆಯಲ್ಲಿ ಪಾತ್ರ ತನಗೆ ತಾನು ಏನು ಹೇಳಿಕೊಂಡಿತು ಎಂದು ಕಂಡುಕೊಳ್ಳುವುದು ಒಂದು, ಅದು ಸರಿಯೇ ಎಂದು ನಿರ್ಣಯಿಸುವುದು ಇನ್ನೊಂದು. ನಮ್ಮಲ್ಲಿ ನಡೆಯುವ ಜಗಳಗಳು ಹೆಚ್ಚಾಗಿ ಇವೆರಡನ್ನು ಕಲಸಿಬಿಟ್ಟದ್ದರಿಂದ ಹುಟ್ಟಿದವು. ಒಬ್ಬರು ರೆಜೀನಾಳ ನೋವನ್ನು ವಿವರಿಸಿದರೆ ಇನ್ನೊಬ್ಬರು ‘ಹಾಗಾದರೆ ಆ ಹಳ್ಳಿಯವರನ್ನು ಕೊಂದದ್ದು ಸರಿಯೇ’ ಎಂದು ಎದ್ದು ನಿಲ್ಲುತ್ತಾರೆ. ವಿವರಿಸಿದವರು ಸರಿಯೆಂದು ಹೇಳಿರಲೇ ಇಲ್ಲ.

ಮೂಲ ಕಥೆಯ ರಾಣಿಗೆ ಹೊಟ್ಟೆಕಿಚ್ಚೊಂದೇ ಕಾರಣ. ಧಾರಾವಾಹಿ ಅದನ್ನು ಬದಲಿಸಬೇಕಿತ್ತೇ?

ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ‘ಸ್ನೋ ವೈಟ್’ ಕಥೆಯಲ್ಲಿ ಆ ರಾಣಿ ಮಲತಾಯಿಯಲ್ಲ, ಹೆತ್ತ ತಾಯಿ. 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿಯಾಗಿ ಬದಲಿಸಿದರು. ಕೊನೆಗೆ ಅವಳು ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಸಾಯುವವರೆಗೆ ಕುಣಿಯಬೇಕಾಗುತ್ತದೆ. ಹೇಳುವವರ ಕಾಲಕ್ಕೆ ತಕ್ಕಂತೆ ಅವಳು ಮೊದಲಿನಿಂದಲೂ ಬದಲಾಗುತ್ತಲೇ ಬಂದಿದ್ದಾಳೆ. ಕನ್ನಡಿಯ ಮುಂದೆ ನಿಂತು ಚೆಲುವನ್ನು ಕೇಳುವ ರಾಣಿ ಅರ್ಧ ಗಂಟೆಯ ಅಜ್ಜಿ ಕಥೆಗೆ ಸಾಕು, 155 ಕಂತುಗಳ ಕಥೆಗೆ ಸಾಲದು. ಬದಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಡೇನಿಯಲ್‌ನನ್ನು ಕೊಂದವಳು ತಾಯಿ ಕೋರಾ. ಹಾಗಿದ್ದರೂ ರೆಜೀನಾ ಸ್ನೋ ವೈಟ್ ಮೇಲೆ ಏಕೆ ಸೇಡು ತೀರಿಸಿಕೊಳ್ಳುತ್ತಾಳೆ?

ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕಿದರೆ ರೆಜೀನಾ ಸಿಕ್ಕಿದಂತೆ.

ನಡೆದದ್ದನ್ನು ಮೊದಲು ಕ್ರಮವಾಗಿ ನೆನಪಿಸಿಕೊಳ್ಳೋಣ. ಹುಚ್ಚೆದ್ದು ಓಡುತ್ತಿದ್ದ ಕುದುರೆಯಿಂದ ರೆಜೀನಾ ಪುಟ್ಟ ಸ್ನೋ ವೈಟ್‌ಳನ್ನು ಕಾಪಾಡುತ್ತಾಳೆ. ಅದರಿಂದ ಸಂತೋಷಗೊಂಡ ರಾಜ ಲಿಯೊಪೋಲ್ಡ್, ತಾಯಿಯಿಲ್ಲದ ಮಗಳಿಗೆ ಇವಳೇ ತಾಯಿಯಾಗಲೆಂದು ಮದುವೆಯ ಪ್ರಸ್ತಾಪ ಮಾಡುತ್ತಾನೆ, ಮಗಳು ಬಾಯಿ ತೆರೆಯುವ ಮೊದಲೇ ಕೋರಾ ಒಪ್ಪಿಬಿಡುತ್ತಾಳೆ. ರೆಜೀನಾಳ ಮನಸ್ಸು ಕುದುರೆ ಲಾಯದ ಹುಡುಗ ಡೇನಿಯಲ್‌ನ ಮೇಲಿರುತ್ತದೆ. ಅದನ್ನು ಕಂಡ ಸ್ನೋ ವೈಟ್ ಗುಟ್ಟು ಕಾಯುವುದಾಗಿ ಮಾತು ಕೊಡುತ್ತಾಳೆ. ಆದರೆ ತಾಯಿಯ ಮಮತೆಯ ಮಾತಾಡಿ ಕೋರಾ ಅವಳನ್ನು ಕರಗಿಸುತ್ತಾಳೆ. ಆಗಷ್ಟೇ ತನ್ನ ತಾಯಿಯನ್ನು ಕಳೆದುಕೊಂಡಿದ್ದ ಮಗು, ರೆಜೀನಾ ತನ್ನ ತಾಯಿಯಿಂದ ದೂರವಾಗದಿರಲೆಂದು ಗುಟ್ಟನ್ನು ಹೇಳಿಬಿಡುತ್ತದೆ. ಕೋರಾ ಲಾಯದಲ್ಲಿಯೇ, ಮಗಳ ಕಣ್ಣೆದುರಿಗೇ ಡೇನಿಯಲ್‌ನ ಹೃದಯವನ್ನು ಕಿತ್ತು ಪುಡಿ ಮಾಡುತ್ತಾಳೆ.

ಮಗುವಿನ ಬಾಯಿಂದ ಗುಟ್ಟು ಹೊರಬಿದ್ದದ್ದು ರೆಜೀನಾಳಿಗೆ ತಿಳಿದ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು. ಕುದುರೆಯ ಮೇಲಿದ್ದ ಆ ಹುಡುಗಿಯನ್ನು ಅಂದು ಸಾಯಲು ಬಿಡಬೇಕಿತ್ತು ಎಂಬರ್ಥದ ಮಾತನ್ನು ಅವಳು ಆಡುತ್ತಾಳೆ. ಆ ಮಾತನ್ನು ಆಡುವುದು ಕೋರಾಳ ಎದುರಿಗೆ! ಕೊಂದ ಕೈ ಎದುರಿಗೇ ಇದೆ, ಸಿಟ್ಟು ಮಾತ್ರ ಅಲ್ಲಿಂದ ಹೊರಳಿ ಮಗುವಿನ ಕಡೆ ಹೋಗುತ್ತದೆ.

ತಾಯಿಯನ್ನು ಕೊಲೆಗಾರ್ತಿಯೆಂದು ಒಪ್ಪಿಕೊಂಡರೆ, ತನ್ನನ್ನು ಯಾರೂ ಎಂದೂ ಪ್ರೀತಿಸಲಿಲ್ಲವೆಂಬುದನ್ನೂ ಅವಳು ಒಪ್ಪಿಕೊಳ್ಳಬೇಕಾಗುತ್ತದೆ. ಅಪ್ಪ ಒಳ್ಳೆಯವನಾದರೂ ಹೆಂಡತಿಯ ಎದುರು ಬಾಯಿಲ್ಲದವನು. ಉಳಿದದ್ದು ಅಮ್ಮ ಒಬ್ಬಳೇ. ಆ ಒಬ್ಬಳನ್ನೂ ಕಳೆದುಕೊಳ್ಳುವ ಬದಲು, ಪರರ ಮಗುವಿನ ಮೇಲೆ ತಪ್ಪು ಹೊರಿಸುವುದು ಅವಳ ಮನಸ್ಸಿಗೆ ಸುಲಭವಾಯಿತು. ತಾಯಿಯನ್ನು ಅವಳು ಕನ್ನಡಿಯೊಳಗೆ ತಳ್ಳಿ ಬೇರೆ ಲೋಕಕ್ಕೆ ಅಟ್ಟಿದ್ದು ನಿಜ, ಮುಂದೊಂದು ದಿನ ಕೊಲ್ಲಲು ಕಡಲ್ಗಳ್ಳ ಹುಕ್‌ನನ್ನು ಕಳಿಸಿದ್ದೂ ನಿಜ. ಆದರೆ ಆ ಕಂತಿನಲ್ಲಿ, ಸತ್ತಳೆಂದು ನಂಬಿದ ತಾಯಿಯ ಶವಪೆಟ್ಟಿಗೆಯ ಪಕ್ಕದಲ್ಲಿ ಅಳುತ್ತಾ ಅವಳು ಕೊಡುವ ಕಾರಣದಲ್ಲಿ ಡೇನಿಯಲ್‌ನ ಹೆಸರಿಲ್ಲ. ತಾಯಿಯ ಮೇಲಿನ ಪ್ರೀತಿ ತನ್ನನ್ನು ದುರ್ಬಲಳನ್ನಾಗಿ ಮಾಡುತ್ತದೆ ಎಂಬುದೇ ಅವಳ ಭಯ.

ನಮ್ಮ ಪ್ರಸಂಗಗಳ ಅಂಬೆಯನ್ನು ಇವಳ ಪಕ್ಕದಲ್ಲಿ ಇಟ್ಟು ನೋಡಬಹುದು. ಅಂಬೆಯ ಬದುಕು ಕೆಟ್ಟದ್ದು ಭೀಷ್ಮನಿಂದ, ಅವಳ ಪ್ರತಿಜ್ಞೆಯೂ ಭೀಷ್ಮನ ಮೇಲೆಯೇ. ಜನ್ಮ ಬದಲಾದರೂ ಅವಳ ಗುರಿ ಬದಲಾಗಲಿಲ್ಲ. ರೆಜೀನಾಳ ಹಟ ಅಂಬೆಯ ಹಟದಷ್ಟೇ ಗಟ್ಟಿಯಾದದ್ದು, ಆದರೆ ಅದು ಹೊರಟ ದಿನವೇ ದಾರಿ ತಪ್ಪಿತ್ತು. ಅಡಿಕೆ ಸುಲಿಯುತ್ತಾ ಈ ಕಂತು ನೋಡುತ್ತಿದ್ದ ನಮ್ಮ ಆಯಿ ಮೆಟ್ಟುಗತ್ತಿಯ ಮೇಲಿನ ಕೈ ನಿಲ್ಲಿಸಿ, ಆ ಹುಡುಗಿಗೆ ಅವಳ ಆಯಿಯ ಮೇಲೆ ಸಿಟ್ಟು ಮಾಡುವ ಧೈರ್ಯವನ್ನು ಯಾರಾದರೂ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದಿದ್ದರು. ಇದಕ್ಕಿಂತ ಸರಿಯಾದ ಮಾತನ್ನು ನಾನು ಈವರೆಗೆ ಕೇಳಿಲ್ಲ.

ಶಾಪಕ್ಕಾಗಿ ಸ್ವಂತ ತಂದೆಯನ್ನೇ ಕೊಂದಳಲ್ಲ, ಅದು ಕೂಡ ಪ್ರೀತಿಯೇ?

ಅತ್ಯಂತ ಪ್ರೀತಿಸುವುದರ ಹೃದಯವನ್ನು ಬಲಿ ಕೊಡದೆ ಆ ಶಾಪ ಫಲಿಸುವುದಿಲ್ಲ. ಅವಳು ತಂದೆಯನ್ನು ಕೊಂದಾಗ ಶಾಪ ಫಲಿಸುತ್ತದೆ, ಅಂದರೆ ಪ್ರೀತಿ ಇದ್ದದ್ದು ನಿಜವೆಂದು ಶಾಪವೇ ಸಾಕ್ಷಿ ಹೇಳಿದಂತಾಯಿತು. ಮೂರನೆಯ ಸೀಸನ್ನಿನ ನಡುವೆ, ಪೀಟರ್ ಪ್ಯಾನ್‌ನ ಶಾಪವನ್ನು ತಡೆಯಲು ಅತ್ಯಂತ ಪ್ರೀತಿಸುವುದನ್ನು ಬಿಟ್ಟುಕೊಡಬೇಕಾಗಿ ಬಂದಾಗ ಅವಳು ಹೆನ್ರಿಯನ್ನು ಎಮ್ಮಾಳ ಕೈಗೆ ಒಪ್ಪಿಸಿ, ಅವರಿಬ್ಬರಿಗೂ ಒಟ್ಟಿಗೆ ಬದುಕಿದ ಒಳ್ಳೆಯ ನೆನಪುಗಳನ್ನು ಕೊಟ್ಟು ಹಿಂದೆ ಉಳಿಯುತ್ತಾಳೆ. ಮೊದಲ ಸಲ ಪ್ರೀತಿಸಿದವನ ಪ್ರಾಣ ಕೊಟ್ಟು ತನಗೆ ಬೇಕಾದದ್ದನ್ನು ಪಡೆದಳು, ಎರಡನೆಯ ಸಲ ತನಗೆ ಬೇಕಾದದ್ದನ್ನು ಕೊಟ್ಟು ಪ್ರೀತಿಸಿದವನನ್ನು ಉಳಿಸಿದಳು. ಅವಳು ನಿಜವಾಗಿ ಬದಲಾದಳೇ ಎಂದು ಅನುಮಾನಿಸುವವರಿಗೆ ನಾನು ಈ ಎರಡು ದೃಶ್ಯಗಳನ್ನು ಒಂದರ ಹಿಂದೆ ಒಂದರಂತೆ ನೋಡಲು ಹೇಳುತ್ತೇನೆ.

ರಂಪಲ್‌ಸ್ಟಿಲ್ಟ್‌ಸ್ಕಿನ್ ಮಾಡಿದ್ದೆಲ್ಲ ಮಗನಿಗಾಗಿಯೇ, ಅಧಿಕಾರಕ್ಕಾಗಿಯೇ?

ಮಗನಿಗಾಗಿ ಎಂದು ಅವನೇ ನಂಬಿದ್ದಾನೆ. ಅವನ ಅರ್ಥ ಹೇಳುವವರು ಆ ನಂಬಿಕೆಯಿಂದಲೇ ತೊಡಗಬೇಕು.

ಯುದ್ಧಕ್ಕೆ ಹೋದ ಬಡ ನೂಲುಗಾರನಿಗೆ ಅಂಗೈಯಲ್ಲಿ ಕಣ್ಣುಳ್ಳ ಹುಡುಗಿಯೊಬ್ಬಳು ಭವಿಷ್ಯ ನುಡಿಯುತ್ತಾಳೆ: ನಿನಗೆ ಮಗ ಹುಟ್ಟುತ್ತಾನೆ, ಆದರೆ ನಾಳೆಯ ರಣರಂಗದಲ್ಲಿನ ನಿನ್ನ ನಡೆಯಿಂದ ಅವನು ತಂದೆಯಿಲ್ಲದವನಾಗುತ್ತಾನೆ. ಅವನು ತನ್ನ ಕಾಲನ್ನು ತಾನೇ ಮುರಿದುಕೊಂಡು ಮನೆಗೆ ಬರುತ್ತಾನೆ. ಊರು ಅವನನ್ನು ಹೇಡಿಯೆಂದಿತು, ಹೆಂಡತಿ ಹಡಗಿನವನೊಂದಿಗೆ ಹೋದಳು. ಮುಂದೆ ಮಗನನ್ನೂ ಯುದ್ಧಕ್ಕೆ ಎಳೆದೊಯ್ಯುವ ದಿನ ಬಂದಾಗ ಆಗಿನ ‘ಕತ್ತಲೆಯ ಒಡೆಯ’ನನ್ನು ಮಾಯಾ ಕಠಾರಿಯಿಂದ ಕೊಂದು ಅವನ ಶಕ್ತಿಯನ್ನು ಪಡೆಯುತ್ತಾನೆ. ಇಲ್ಲಿಯವರೆಗೆ ಅವನ ಮಾತನ್ನು ಅಲ್ಲಗಳೆಯುವುದು ಕಷ್ಟ.

ಮಾತು ಮುರಿಯುವುದು ಮಾಯಾಬೀಜದಿಂದ ತೆರೆದ ಸುಳಿಯ ಅಂಚಿನಲ್ಲಿ. ಶಕ್ತಿಯನ್ನು ಬಿಟ್ಟು ಮಾಯೆಯಿಲ್ಲದ ಲೋಕದಲ್ಲಿ ಅಪ್ಪ ಮಗ ಸಾಮಾನ್ಯರಂತೆ ಬದುಕೋಣವೆಂದು ಬೇಲ್‌ಫೈರ್ ಅಪ್ಪನ ಕೈ ಹಿಡಿದು ಕರೆಯುತ್ತಾನೆ. ಕಠಾರಿಯನ್ನು ನೆಲಕ್ಕೆ ಕಚ್ಚಿಸಿ ನಿಂತ ಅಪ್ಪ, ಮಗನ ಕೈ ಬಿಡುತ್ತಾನೆ. ಮಗನನ್ನು ಕಾಯಲೆಂದು ಪಡೆದ ಶಕ್ತಿಗಾಗಿ ಮಗನನ್ನೇ ಬಿಟ್ಟುಕೊಟ್ಟ ಗಳಿಗೆ ಅದು. ಆಮೇಲಿನದೆಲ್ಲ, ಎಂದರೆ ರೆಜೀನಾಳನ್ನು ಪಳಗಿಸಿದ್ದು, ಶಾಪವನ್ನು ಅವಳ ಕೈಯಲ್ಲಿಟ್ಟದ್ದು, ಒಂದು ಲೋಕವನ್ನೇ ಬುಡಮೇಲು ಮಾಡಿದ್ದು, ಬಿಟ್ಟ ಆ ಕೈಯನ್ನು ಮತ್ತೆ ಹಿಡಿಯುವ ಪ್ರಯತ್ನ. ಶಕ್ತಿಯನ್ನು ಮಾತ್ರ ಅವನು ಇನ್ನೊಂದು ಕೈಯಿಂದ ಬಿಡಲೊಲ್ಲ.

ನಮ್ಮಲ್ಲಿ ಕೆಲವರು ಅವನನ್ನು ಮಂಥರೆಗೆ ಹೋಲಿಸುತ್ತಾರೆ. ನನಗೆ ಅವನು ಜನಪದರು ಹೇಳುವ ಶಕುನಿಯ ಹತ್ತಿರದವನು. ಸೆರೆಯಲ್ಲಿ ಸತ್ತ ತಂದೆಯ ಮೂಳೆಯಿಂದ ದಾಳ ಮಾಡಿಕೊಂಡು, ಕೌರವರ ಹಿತೈಷಿಯಂತೆ ಅವರೊಳಗೇ ಇದ್ದು, ಯಾರಿಗೂ ತಿಳಿಯದ ತನ್ನದೇ ಲೆಕ್ಕವನ್ನು ಮುಗಿಸುವ ಶಕುನಿ. ಮಂಥರೆಗೆ ಕೈಕೇಯಿಯ ಮೇಲೆ ಅಭಿಮಾನವಿತ್ತು. ರಂಪಲ್‌ಗೆ ರೆಜೀನಾ ಒಂದು ದಾಳ ಮಾತ್ರ.

ಅವನ ತಂದೆಯೂ ಯೌವನ ಉಳಿಸಿಕೊಳ್ಳಲು ಮಗನನ್ನು ಬಿಟ್ಟು ಪೀಟರ್ ಪ್ಯಾನ್ ಆದವನೆಂದು ಮೂರನೆಯ ಸೀಸನ್ನಿನಲ್ಲಿ ತಿಳಿದಾಗ, ಆ ಕೈ ಬಿಟ್ಟ ದೃಶ್ಯ ನನಗೆ ಎರಡು ಪಟ್ಟು ಭಾರವಾಯಿತು. ತನಗಾದದ್ದನ್ನೇ ಅವನು ಮಗನಿಗೆ ಮಾಡಿದ್ದ.

ಅವನಿಗೆ ಬೆಲ್ ಮೇಲೆ ನಿಜವಾದ ಪ್ರೀತಿ ಇತ್ತೇ?

ಇತ್ತು. ಅವನ ಕೋಟೆಯಲ್ಲಿ ಕೆಲಸಕ್ಕಿದ್ದ ಬೆಲ್‌ಳ ಕೈಜಾರಿ ಮುಕ್ಕಾದ ಕಪ್ಪನ್ನು ಅಷ್ಟು ವರ್ಷ ಜೋಪಾನ ಮಾಡಿದವನ ಪ್ರೀತಿಯನ್ನು ಅನುಮಾನಿಸಲಾಗದು. ಆದರೆ ಅವಳ ಮುತ್ತಿನಿಂದ ತನ್ನ ಶಕ್ತಿ ಕರಗತೊಡಗಿದಾಗ ಅವನು ಅದನ್ನು ರಾಣಿಯ ಸಂಚೆಂದು ಕೂಗಾಡಿ ಅವಳನ್ನು ಹೊರಗಟ್ಟುತ್ತಾನೆ. ಮುಂದೆ ಮದುವೆಯ ಮಾತೆತ್ತುವಾಗ ನಂಬಿಕೆಯ ಗುರುತಾಗಿ ಕೊಟ್ಟ, ಹಿಡಿದವರ ಮಾತಿಗೆ ಅವನನ್ನು ಕಟ್ಟಿಹಾಕುವ ಕಠಾರಿಯೂ ನಕಲಿ. ನಾಲ್ಕನೆಯ ಸೀಸನ್ನಿನಲ್ಲಿ ಬೆಲ್ ನಿಜವಾದ ಕಠಾರಿ ಹಿಡಿದು ಅವನನ್ನು ಊರಿನ ಗಡಿಯಾಚೆ ಕಳಿಸಿದ್ದನ್ನು ಕ್ರೌರ್ಯವೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅವಳು ಅದಕ್ಕಿಂತ ಮೊದಲೇ ಹಾಗೆ ಮಾಡಬೇಕಿತ್ತು.

ಸ್ನೋ ವೈಟ್ ಒಳ್ಳೆಯವಳೆಂದು ಎಲ್ಲರೂ ಹೇಳುತ್ತಾರೆ. ಅವಳು ಮಾಡಿದ ತಪ್ಪುಗಳ ಮಾತು ಏಕೆ ಬರುವುದಿಲ್ಲ?

ಬರಬೇಕು. ತಾಯಿ ಈವಾ ವಿಷದಿಂದ ಸಾಯುತ್ತಿದ್ದಾಗ, ಇನ್ನೊಬ್ಬರ ಪ್ರಾಣ ತೆಗೆದು ತಾಯಿಯ ಪ್ರಾಣ ಉಳಿಸುವ ಮೇಣದಬತ್ತಿ ಬಾಲಕಿ ಸ್ನೋ ವೈಟ್‌ಳ ಕೈಯಲ್ಲಿತ್ತು. ಅವಳು ಅದನ್ನು ಹಚ್ಚಲಿಲ್ಲ. ವರ್ಷಗಳ ನಂತರ, ತಾಯಿಗೆ ವಿಷ ಹಾಕಿಸಿದವಳು ಕೋರಾಳೇ ಎಂದು ತಿಳಿದ ಮೇಲೆ, ಅದೇ ಮೇಣದಬತ್ತಿಯನ್ನು ಹಚ್ಚುತ್ತಾಳೆ. ಕೋರಾ ತನ್ನ ಹೃದಯವನ್ನು ಎಂದೋ ಕಿತ್ತು ಪೆಟ್ಟಿಗೆಯಲ್ಲಿಟ್ಟಿದ್ದಳು. ಆ ಹೃದಯವನ್ನು ಮರಳಿ ಇಟ್ಟರೆ ತಾಯಿ ನಿನ್ನನ್ನು ಪ್ರೀತಿಸುತ್ತಾಳೆಂದು ರೆಜೀನಾಳನ್ನು ನಂಬಿಸಿ, ಮಗಳ ಕೈಯಿಂದಲೇ ತಾಯಿಯನ್ನು ಕೊಲ್ಲಿಸುತ್ತಾಳೆ. ಹೃದಯ ಮರಳಿದ ಒಂದು ಗಳಿಗೆ ಕೋರಾ ಮಗಳನ್ನು ನೋಡಿ ನಗುತ್ತಾಳೆ, ನೀನೊಬ್ಬಳೇ ನನಗೆ ಸಾಕಾಗುತ್ತಿತ್ತು ಎಂಬ ಮಾತನ್ನಾಡಿ ಸಾಯುತ್ತಾಳೆ.

ಕೋರಾಳನ್ನು ತಡೆಯದಿದ್ದರೆ ಊರೇ ಉಳಿಯುತ್ತಿರಲಿಲ್ಲವೆಂಬುದು ಸ್ನೋ ವೈಟ್‌ಳ ಪರವಾದ ವಾದ, ಅದರಲ್ಲಿ ಹುರುಳಿದೆ. ನನಗೆ ನೋವಾಗುವುದು ಅವಳು ಆರಿಸಿಕೊಂಡ ದಾರಿಗಾಗಿ. ಬಾಲ್ಯದಲ್ಲಿ ಕೋರಾ ತನ್ನೆದುರು ಬಳಸಿದ ತಾಯಿ-ಮಗಳ ಪ್ರೀತಿಯ ಮಾತನ್ನೇ ಅವಳು ರೆಜೀನಾಳ ಎದುರು ಬಳಸುತ್ತಾಳೆ. ಅವಳ ಹೃದಯದಲ್ಲಿ ಕಪ್ಪು ಚುಕ್ಕೆ ಮೂಡಿದ್ದನ್ನು ತೋರಿಸಿದವರು ನ್ಯಾಯವನ್ನೇ ತೋರಿಸಿದ್ದಾರೆ. ನಾಲ್ಕನೆಯ ಸೀಸನ್ನಿನಲ್ಲಿ, ತಮ್ಮ ಮಗು ಕೆಟ್ಟದಾಗದಿರಲೆಂದು ಡ್ರ್ಯಾಗನ್ ಆಗಬಲ್ಲ ಮಾಟಗಾತಿ ಮಲೆಫಿಸೆಂಟ್‌ಳ ಮಗುವಿದ್ದ ಮೊಟ್ಟೆಯನ್ನು ಗಂಡ-ಹೆಂಡತಿ ಕದ್ದದ್ದು ಇದಕ್ಕಿಂತ ದೊಡ್ಡ ತಪ್ಪು. ಅಲ್ಲಿ ಎದುರಾಳಿಯ ದುಷ್ಟತನದ ನೆಪವೂ ಇರಲಿಲ್ಲ.

ಸಾಕಿದ ತಾಯಿಯನ್ನು ಬಿಟ್ಟು ಓಡಿದ ಹೆನ್ರಿ ಕೃತಘ್ನನಲ್ಲವೇ?

ಹತ್ತು ವರ್ಷದ ಮಗು ಕಥೆಪುಸ್ತಕದಿಂದ ತಿಳಿದ ಸತ್ಯವನ್ನು ಹೇಳಿದರೆ, ಅದಕ್ಕೆ ಬುದ್ಧಿ ಸರಿಯಿಲ್ಲವೆಂದು ಚಿಕಿತ್ಸೆಗೆ ಕಳಿಸುವ ತಾಯಿಯ ಮನೆ ಅದು. ಅವನು ಓಡಿದ್ದು ಸಹಜ. ಎಮ್ಮಾಳಿಗಾಗಿ ಮಾಡಿದ ವಿಷದ ಸೇಬಿನ ತಿಂಡಿಯನ್ನು, ತನ್ನ ಮಾತನ್ನು ಅವಳು ನಂಬಲೆಂದು ತಾನೇ ತಿಂದ ಮಗುವನ್ನು ಕೃತಘ್ನನೆನ್ನಲು ನನಗೆ ಮನಸ್ಸಾಗದು.

ಝೆಲೀನಾಳ ಹೊಟ್ಟೆಕಿಚ್ಚು ಅತಿಯಾಯಿತಲ್ಲವೇ?

ಝೆಲೀನಾ ಕೋರಾಳ ಹಿರಿಯ ಮಗಳು, ರೆಜೀನಾಳ ಅಕ್ಕ. ಅವಳನ್ನು ತಾಯಿ ಕಾಡಿನಲ್ಲಿ ಬಿಟ್ಟಳು, ಗುರುವಾದ ರಂಪಲ್ ತಂಗಿಯನ್ನು ಆರಿಸಿಕೊಂಡ. ತಂಗಿ ಕಂಡ ನರಕ ಅವಳಿಗೆ ಗೊತ್ತಿಲ್ಲ, ಅರಮನೆಯಷ್ಟೇ ಗೊತ್ತು. ಕಾರಣ ಸಾಕಷ್ಟಿದೆ, ಆದರೆ ಬರವಣಿಗೆ ಅವಳಿಗೆ ರೆಜೀನಾಳಿಗೆ ಕೊಟ್ಟಷ್ಟು ಸಮಯ ಕೊಡಲಿಲ್ಲ.

ದುಷ್ಟ ಪಾತ್ರವನ್ನು ಇಷ್ಟು ಮೆಚ್ಚುವುದು ತಪ್ಪಲ್ಲವೇ?

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು, ಭಸ್ಮಾಸುರನನ್ನು ನೋಡಲು ಬೆಳಗಿನವರೆಗೆ ಕೂತ ಊರು ನಮ್ಮದು. ಕೀಚಕನನ್ನು ಮೆಚ್ಚಿದವರು ಯಾರೂ ದ್ರೌಪದಿಯನ್ನು ಮರೆತಿರಲಿಲ್ಲ. ಲಾನಾ ಪರಿಯಾ ಅವರ ರೆಜೀನಾ, ರಾಬರ್ಟ್ ಕಾರ್ಲೈಲ್ ಅವರ ರಂಪಲ್ ಕೂಡ ಅಂಥ ಮೆಚ್ಚುಗೆಗೆ ಅರ್ಹರು.

ರೆಜೀನಾ ನಿಜವಾಗಿ ಪಶ್ಚಾತ್ತಾಪ ಪಟ್ಟಳೇ?

ಪೀಟರ್ ಪ್ಯಾನ್ ಹೆನ್ರಿಯನ್ನು ಹಿಡಿದಿಟ್ಟಿದ್ದ ನೆವರ್‌ಲ್ಯಾಂಡಿನಲ್ಲಿ, ಪಶ್ಚಾತ್ತಾಪವುಳ್ಳವರನ್ನು ಬಳ್ಳಿಗಳಿಂದ ಕಟ್ಟಿಹಾಕುವ ಮರವೊಂದಿದೆ. ಎಮ್ಮಾ ಮತ್ತು ಸ್ನೋ ವೈಟ್ ಬಿಡಿಸಿಕೊಳ್ಳಲಾಗದೆ ಉಳಿದಾಗ ರೆಜೀನಾ ಬಳ್ಳಿಗಳನ್ನು ಹರಿದು ಹೊರಬರುತ್ತಾಳೆ. ತನ್ನ ಪಾಪಗಳಿಗೆ ತಾನು ಮರುಗಬೇಕಿತ್ತು, ಆದರೆ ಅವೆಲ್ಲ ತನಗೆ ಮಗನನ್ನು ತಂದುಕೊಟ್ಟವು, ಆದ್ದರಿಂದ ಮರುಗಲಾರೆ ಎಂಬುದು ಅವಳ ಮಾತು. ಈ ದೃಶ್ಯವನ್ನು ಹಿಡಿದು ಅವಳದು ಬರೀ ತೋರಿಕೆಯ ಬದಲಾವಣೆ ಎನ್ನುವವರಿದ್ದಾರೆ.

ನಮಗೆ ಪಶ್ಚಾತ್ತಾಪವೆಂದರೆ ಮೊದಲು ನೆನಪಾಗುವುದು ಪುಣ್ಯಕೋಟಿಯ ಎದುರು ನಿಂತ ಹುಲಿ ಅರ್ಬುತ. ತನ್ನ ತಪ್ಪು ತಿಳಿದ ಗಳಿಗೆಯಲ್ಲಿ ಅದು ಮೇಲಕ್ಕೆ ಹಾರಿ ಬಿದ್ದು ಪ್ರಾಣ ಬಿಡುತ್ತದೆ. ಅಲ್ಲಿ ಮರುಗಿದವನು ಮರುದಿನ ಬೆಳಿಗ್ಗೆ ಏಳಬೇಕಾಗಿಲ್ಲ, ದೊಡ್ಡಿಯ ಹಸುಗಳ ನಡುವೆ ಬದುಕಬೇಕಾಗಿಲ್ಲ. ರೆಜೀನಾ ಮಾತ್ರ ಪ್ರತಿದಿನ ಎದ್ದು, ತಾನು ನೋಯಿಸಿದವರು ಇರುವ ಅದೇ ಊರಿನ ಅದೇ ಹೋಟೆಲಿಗೆ ಹೋಗಿ ಕೂರಬೇಕು. ಅವಳ ಮರದ ಮಾತು ನನಗೂ ಸರಿ ಬರುವುದಿಲ್ಲ, ಸತ್ತ ಹಳ್ಳಿಯವರ ಲೆಕ್ಕ ಅದರಲ್ಲಿಲ್ಲ. ಆದರೆ ಅವಳು ಅಂದು ಪೂರ್ತಿ ಮರುಗಿದ್ದರೆ ಅರ್ಬುತನಂತೆ ಅಲ್ಲಿಯೇ ಮುಗಿದುಹೋಗುತ್ತಿದ್ದಳು. ಮಗನನ್ನು ಉಳಿಸಲು ಅವಳಿಗೆ ಕೈಗಳು ಬೇಕಿದ್ದವು. ಪೂರ್ತಿ ಮರುಗುವ ಶಕ್ತಿ ಅವಳಿಗೆ ನಿಧಾನವಾಗಿ, ಕಂತು ಕಂತಾಗಿ ಬರುತ್ತದೆ.

ಆರನೆಯ ಸೀಸನ್ನಿನ ಬಗ್ಗೆ ನನಗಿರುವ ತಕರಾರು ಇದರಿಂದಲೇ ಹುಟ್ಟಿದ್ದು. ಐದನೆಯ ಸೀಸನ್ನಿನ ಕೊನೆಗೆ ಔಷಧಿಯೊಂದನ್ನು ಚುಚ್ಚಿ ಅವಳೊಳಗಿನ ದುಷ್ಟ ರಾಣಿಯನ್ನು ಬೇರೆ ದೇಹವಾಗಿಸಿದಾಗ, ಐದು ಸೀಸನ್ನುಗಳ ಒಳಗಿನ ಹೋರಾಟ ಹೊರಗಿನ ಇಬ್ಬರ ಜಗಳವಾಗಿಬಿಟ್ಟಿತು. ಕೊನೆಗೆ ರೆಜೀನಾ ಆ ಕತ್ತಲೆಯಲ್ಲಿ ಅರ್ಧವನ್ನು ತಾನೇ ಮರಳಿ ಪಡೆದು, ತನ್ನ ಪ್ರೀತಿಯಲ್ಲಿ ಅರ್ಧವನ್ನು ಅವಳಿಗೆ ಕೊಡುವ ದೃಶ್ಯ ಬಂದಾಗಷ್ಟೇ ನನ್ನ ಮನಸ್ಸು ಸಮಾಧಾನಗೊಂಡಿತು.

ರೆಜೀನಾಳ ಅರ್ಥ ಹೇಳುವುದಾದರೆ ಯಾವ ಸಂದರ್ಭವನ್ನು ಆರಿಸಿಕೊಳ್ಳುತ್ತೀರಿ?

ಹೆಂಡದಂಗಡಿಯ ಬಾಗಿಲು. ಮದುವೆಯಾಗಿ ಅರಮನೆಯಲ್ಲಿ ಬೇಯುತ್ತಿದ್ದ ರೆಜೀನಾಳಿಗೆ ಟಿಂಕರ್ ಬೆಲ್ ಎಂಬ ಕಿನ್ನರಿ, ನಿನಗಾಗಿ ಇನ್ನೊಬ್ಬ ಪ್ರಿಯನಿದ್ದಾನೆಂದು ಮಾಯೆಯ ಹುಡಿಯ ಬೆಳಕಿನಲ್ಲಿ ದಾರಿ ತೋರಿಸುತ್ತಾಳೆ. ಬಾಗಿಲು ತೆರೆದರೆ ಮುಂಗೈಯಲ್ಲಿ ಸಿಂಹದ ಹಚ್ಚೆಯಿರುವ ಗಂಡಸು ಬೆನ್ನು ಮಾಡಿ ಕೂತಿದ್ದಾನೆ. ಅವನ ಮುಖವನ್ನೂ ನೋಡದೆ ಅವಳು ಓಡಿಹೋಗುತ್ತಾಳೆ. ಶಾಪ, ಸೇಬು, ಹಳ್ಳಿಗಳ ಕೊಲೆ ಇನ್ನೂ ಮುಂದಿವೆ. ಅಂದು ಒಳಗೆ ಹೋಗಿದ್ದರೆ ಅವು ನಡೆಯದೆಯೂ ಇರಬಹುದಿತ್ತು. ಆ ಬಾಗಿಲಿನ ಮೇಲೆ ಕೈಯಿಟ್ಟ ರೆಜೀನಾ ತನಗೆ ತಾನೇ ಹೇಳಿಕೊಂಡದ್ದನ್ನು ನಾನು ಹೀಗೆ ಹೇಳುತ್ತೇನೆ:

“ಎಲೌ ಕಿನ್ನರಿ, ಒಳಗಿರುವವನು ಒಳ್ಳೆಯವನೇ ಇರಬಹುದು. ನಾನು ಒಳಗೆ ಹೋದರೆ ನಗುತ್ತೇನೆ, ನಕ್ಕರೆ ಮರೆಯುತ್ತೇನೆ. ಲಾಯದ ನೆಲದ ಮೇಲೆ ಬಿದ್ದವನಿಗೆ ಮಣ್ಣು ಕೊಟ್ಟವರಿಲ್ಲ, ಅತ್ತವರಿಲ್ಲ, ಅವನ ಹೆಸರು ಹೇಳುವವರು ಆ ಅರಮನೆಯಲ್ಲಿ ಒಬ್ಬರೂ ಇಲ್ಲ. ನನ್ನ ಈ ಸಿಟ್ಟೊಂದೇ ಅವನಿಗೆ ಉಳಿದ ಮನೆ. ಅದರ ಬಾಗಿಲು ಮುಚ್ಚಿ ಈ ಬಾಗಿಲು ತೆರೆಯೆಂದು ಹೇಳುತ್ತೀಯಲ್ಲ, ಅವನು ಎಲ್ಲಿಗೆ ಹೋಗಬೇಕು?”

ಎದುರಿಗೆ ಟಿಂಕರ್ ಬೆಲ್ ಆಗಿ ಕೂತವರು ಇದಕ್ಕೆ ಏನು ಉತ್ತರ ಕೊಡಬೇಕೆಂಬುದು ನನಗೆ ಇನ್ನೂ ಹೊಳೆದಿಲ್ಲ.